ಬಚ್ಚಲ ಒಲೆಗೆ ಬಿದ್ದ ಅಯಸ್ಕಾಂತ

ಹೊಟ್ಟೆಕಿಚ್ಚು ಅಂದರೆ ಏನೂಂತ ನನ್ನನ್ನು ಕೇಳಿ, ಮಾರಾಯ್ರೆ. ಅರವತ್ತರ ದಶಕದಲ್ಲಿ ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ನನ್ನ ಕೈಯಲ್ಲೇ ಕಲಿತವನೊಬ್ಬ ಮದ್ರಾಸಿನಲ್ಲಿ ಡಿಗ್ರಿ ಮುಗಿಸಿ ಅದೇ ಶಾಲೆಗೆ ಮಾಸ್ತರನಾಗಿ ಬಂದ. ಬಂಟ್ವಾಳದ ಅಧ್ಯಾಪಕರ ಸಭೆಯಲ್ಲಿ ಸೂರ್ಯನ ಬಗ್ಗೆ ಮಾತಾಡಲು ಹೆಡ್‌ಮಾಸ್ತರರು ಅವನನ್ನೇ ಆರಿಸಿದರು. ಹದಿನೈದು ವರ್ಷ ಸೀಮೆಸುಣ್ಣದ ಧೂಳು ತಿಂದವನು ನಾನು, ಹೋಗುವುದು ಅವನು!

ಸೂರ್ಯನಲ್ಲಿ ಆಗುವ ಸ್ಫೋಟದ ಬಗ್ಗೆ ನಾನೂ ಓದಿದ್ದೆ. ಎದುರುಬದುರು ದಿಕ್ಕಿನ ಕಾಂತರೇಖೆಗಳು ಒತ್ತಿಕೊಂಡು ತುಂಡಾಗಿ, ಒಂದರ ತುಂಡು ಇನ್ನೊಂದರದ್ದಕ್ಕೆ ಸೇರಿ, ಜಗ್ಗಿ ಬಿಟ್ಟ ರಬ್ಬರಿನಂತೆ ಚಿಮ್ಮುವಾಗ ಪ್ಲಾಸ್ಮಾ ಎಂಬ ಕಾದ ಅನಿಲವನ್ನು ಎತ್ತಿ ಎಸೆಯುತ್ತವೆ. ಅದಕ್ಕೆ ‘ಕಾಂತರೇಖಾ ಪುನಸ್ಸಂಯೋಜನೆ’ ಎಂದು ಕನ್ನಡದಲ್ಲಿ ಹೆಸರು ಕಟ್ಟಲು ನನಗೆ ಒಂದಿಡೀ ಬೇಸಿಗೆ ರಜೆ ಹಿಡಿದಿತ್ತು.

ಪ್ರಯೋಗ ತೋರಿಸಲು ಅವನು ಶಾಲೆಯ ಎರಡು ಅಯಸ್ಕಾಂತ ಕೇಳಿದ. ಕೊಡ್ತೇನೆ ಅಂದೆ. ಮೊದಲು ಮನೆಗೆ ಒಯ್ದು ಬಚ್ಚಲ ಒಲೆಯ ಕೆಂಡದಲ್ಲಿ ಕೆಂಪಗಾಗುವಷ್ಟು ಕಾಯಿಸಿದೆ. ಶಕ್ತಿಯೆಲ್ಲ ಹೋಯಿತು. ಸುಟ್ಟ ತುದಿಗೆ ಹೊಸ ಬಣ್ಣ ಬಳಿದು ಕೊಟ್ಟೆ. ನಾಚಿಕೆ ಒಂದಿಷ್ಟೂ ಆಗಲಿಲ್ಲ.

ಸಭೆಗೆ ನಾನೂ ಹೋದೆ. ಅವನು ಅಯಸ್ಕಾಂತಗಳ ಮೇಲೆ ಗಾಜು ಇಟ್ಟು ಕಬ್ಬಿಣದ ಪುಡಿ ಉದುರಿಸಿದ. ಪುಡಿ ಗೆರೆಗಟ್ಟದೆ ಬಿದ್ದಲ್ಲೇ ಬಿದ್ದಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷ. ಅವನು ಅಯಸ್ಕಾಂತವನ್ನು ತಿರುಗಿಸಿ ನೋಡಿ, ಹಳತಾಗಿದೆ ಎಂದು ಬದಿಗಿಟ್ಟ. ಮುಂದೆ ಕೂತ ನಾಲ್ವರು ಮಾಸ್ತರರನ್ನು ಎಬ್ಬಿಸಿ, ಎರಡು ಜೋಡಿ ಮಾಡಿ ಕೈ ಹಿಡಿಸಿದ. ಜೋಡಿಗಳು ಹತ್ತಿರ ಬಂದದ್ದೇ ಕೈ ಬಿಡಿಸಿ ಅದಲುಬದಲು ಮಾಡಿದ. “ಸೂರ್ಯನಲ್ಲಿ ನಡೆಯುವುದು ಇದೇ, ಬುಡುದಾರೆ,” ಅಂದ. ಸಂಬಂಧ ಬಿಟ್ಟವರ ಮರುಮದುವೆಗೆ ತುಳುವಿನಲ್ಲಿ ಹೇಳುವ ಮಾತು ಅದು. ಸಭೆ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗೂ ವಿಷಯ ತಲೆಗೆ ಹೋಯಿತು. ಒಂದೇ ಒಂದು ತುಳು ಶಬ್ದ! ನನ್ನ ಹೊಟ್ಟೆ ಧಗಧಗ ಉರಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಪಕ್ಕದಲ್ಲೇ ಕೂತು ಅಯಸ್ಕಾಂತಗಳನ್ನು ನನ್ನ ಕೈಗಿಟ್ಟ.

“ಕಾಯಿಸಿದರೆ ಶಕ್ತಿ ಹೋಗ್ತದೆ ಅಂತ ನೀವೇ ಕಲಿಸಿದ್ದು, ಸಾರ್,” ಅಂದ. ಮತ್ತೆ, “ಶಾಲೆಯಲ್ಲಿ ಬೇರೆ ಜೋಡಿ ಇಲ್ಲ. ನಾಳೆ ನಿಮ್ಮ ಒಂಬತ್ತನೇ ಕ್ಲಾಸಿಗೆ ಅಯಸ್ಕಾಂತದ ಪಾಠ ಉಂಟಲ್ಲ,” ಅಂದ.

ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವನನ್ನು ಬೈಯಲಿಕ್ಕಾದರೂ ಆಗುತ್ತಿತ್ತು. ಮರುದಿನ ಬೋರ್ಡಿನ ಮೇಲೆ ಗೆರೆ ಎಳೆದು ಎಳೆದು ಪಾಠ ಮಾಡಿದೆ. ಮಕ್ಕಳು ಪಿಳಿಪಿಳಿ ನೋಡಿದರು. ಕೊನೆಗೆ ನಾನೇ ಹೋಗಿ ಅವನನ್ನು ಕ್ಲಾಸಿಗೆ ಕರೆದುಕೊಂಡು ಬಂದೆ.