ವರ್ನ್ ತುಂಬಿದ ಇಪ್ಪತ್ತು ತೋಟಾ

ಅಂಗಡಿಯ ತೋಟಾ ಕೊಳ್ಳುವವನನ್ನು ವರ್ನ್ ಹಾಲ್ವರ್ಸನ್ ಬೇಟೆಗಾರನೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮೊಂಟಾನಾದ ರಸ್ತೆಗಳ ಹಿಮ ಕೆರೆದು ಮೂವತ್ತು ವರ್ಷ ಸವೆಸಿದವನು. ಹೆಂಡತಿ ತೀರಿಕೊಂಡ ಮೇಲೆ ಗ್ಯಾರೇಜಿನ ಮೇಜೇ ಅವನ ಸಂಸಾರ. ಖಾಲಿ ಹಿತ್ತಾಳೆ ತೋಟಾಗಳಿಗೆ ಮದ್ದು ತೂಗಿ ತುಂಬಿ, ಗುಂಡು ಕೂರಿಸುತ್ತಾ ದಿನ ಕಳೆಯುತ್ತಿದ್ದ. ಹಟಮಾರಿ, ಬಾಯಿಬಡಕ; ಆದರೂ ಹಳೆಯ ಗೆಳೆಯನಾದ ನನಗೆ ಅವನೆಂದರೆ ಪ್ರಾಣ.

ಈ ವರ್ಷ ಅವನ ಮಗಳು ಡಾರ್ಸಿ ಹೊಸ ಸೆವೆನ್ ಎಂಎಂ ರೈಫಲ್ ತಂದಳು. ಶುರುವಾಯಿತು ಜಗಳ.

"ನನ್ನ ಥರ್ಟಿ-ಆಟ್-ಸಿಕ್ಸ್ ರೈಫಲ್ಲು ನೂರು ವರ್ಷದಿಂದ ಎಲ್ಕ್ ಜಿಂಕೆ ಬೀಳಿಸ್ತಿದೆ. ನಿಂದು ನಿನ್ನೆ ಹುಟ್ಟಿದ ಕೂಸು."

"ಆರುನೂರು ಗಜಕ್ಕೆ ನಿನ್ನ ಗುಂಡು ಒಂದು ಮೊಳ ಜಾಸ್ತಿ ಇಳಿಯುತ್ತೆ, ಅಪ್ಪ. ಗಾಳಿಗೂ ವಾಲುತ್ತೆ."

"ಅಷ್ಟು ದೂರದಿಂದ ಹೊಡೆಯೋದು ಬೇಟೆನಾ? ಟಪಾಲು ಹಾಕಿದ ಹಾಗೆ!"

ಬಾಯಲ್ಲಿ ಬೈದರೂ, ಹೊಸದನ್ನೂ ತನ್ನ ಕೈಯಿಂದಲೇ ಗೆಲ್ಲಿಸಬೇಕೆಂಬ ಹುಚ್ಚು ಬಿಡಲಿಲ್ಲ. ಹೋಲಿಸಿ ನೋಡಲು ಎರಡೂ ರೈಫಲಿನ ತೋಟಾಗಳನ್ನು ಒಂದೇ ಸಲ ಕೂತು ಇಪ್ಪತ್ತಿಪ್ಪತ್ತು ತುಂಬಿದ. ಹೊಸ ಇಪ್ಪತ್ತನ್ನು ಡಾರ್ಸಿ ಶುಕ್ರವಾರ ಬೇಟೆಗೆಂದು ಬೆಟ್ಟಕ್ಕೆ ಒಯ್ದಳು.

ಶನಿವಾರ ಬೆಳಿಗ್ಗೆ ನಾನು ಅವನ ಗ್ಯಾರೇಜಿಗೆ ಕಾಫಿಗೆ ಹೋಗಿದ್ದೆ. ವರ್ನ್ ಹೊಸ ರೈಫಲಿನ ತೋಟಾಕ್ಕೆಂದೇ ತಂದಿದ್ದ ಮದ್ದಿನ ಡಬ್ಬಿಯನ್ನು ಕಪಾಟಿಗಿಡಲು ಎತ್ತಿದವನು ಹಾಗೇ ನಿಂತುಬಿಟ್ಟ. ಮುಚ್ಚಳದ ಸೀಲು ಒಡೆದೇ ಇರಲಿಲ್ಲ.

"ಲೈಲ್," ಎಂದ ನನ್ನತ್ತ ತಿರುಗಿ. "ಇದನ್ನ ನಾನು ತೆಗೆದೇ ಇಲ್ಲ ಮಾರಾಯ."

ಅಂದರೆ ಡಾರ್ಸಿಯ ಇಪ್ಪತ್ತಕ್ಕೂ ಹಳೆಯ ಮದ್ದೇ ಬಿದ್ದಿತ್ತು. ಹೊಸ ತೋಟಾದ ಹೊಟ್ಟೆ ದೊಡ್ಡದು; ಅದಕ್ಕೆ ನಿಧಾನ ಉರಿಯುವ ಮದ್ದು ಬೇಕು. ಹಳೆಯದರ ಚುರುಕು ಮದ್ದನ್ನು ಅಷ್ಟೇ ತೂಕ ಸುರಿದರೆ ರೈಫಲ್ ಒಡೆದು ಹೊಡೆದವರ ಮುಖಕ್ಕೇ ಸಿಡಿಯುತ್ತದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಬೇಕೆಂದು ಊರಿಗೆಲ್ಲ ಪಾಠ ಹೇಳಿದವನೇ ಇವನು.

ಬೆಟ್ಟದಲ್ಲಿ ಫೋನು ಸಿಗುವುದಿಲ್ಲ. ಹದಿನಾಲ್ಕು ಮೈಲಿ ಮಣ್ಣುರಸ್ತೆಯಲ್ಲಿ ನನ್ನ ಪಿಕಪ್ ಓಡಿಸಿದೆ. ಡಾರ್ಸಿಯ ಗಾಡಿಯ ಪಕ್ಕ ಇಳಿಯುತ್ತಿದ್ದಂತೆ ಮೇಲಿನ ದಿಬ್ಬದಿಂದ ಒಂದು ಗುಂಡಿನ ಸದ್ದು ಕೇಳಿಸಿತು. ಒಂದೇ ಒಂದು. ಕೂಗಿದೆವು, ಉತ್ತರವಿಲ್ಲ. ಮಂಡಿ ಸವೆದ ಮುದುಕ ನನಗಿಂತ ಮುಂದೆ ಏರುತ್ತಿದ್ದ.

ದಿಬ್ಬದಾಚೆ ಡಾರ್ಸಿ, ಬಿದ್ದ ಎಲ್ಕಿನ ಪಕ್ಕ ಮಂಡಿಯೂರಿ ಚಾಕು ತೆಗೆಯುತ್ತಿದ್ದಳು. ವರ್ನ್ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಸವರಿ ಸವರಿ ನೋಡಿದ.

"ಮಿಕ್ಕ ತೋಟಾ ಕೊಡು. ನಾನು ತಪ್ಪು ಮದ್ದು ತುಂಬಿದ್ದೀನಿ ಮಗಳೇ. ಮತ್ತೆ ಹೊಡೀಬೇಡ."

ಅವಳು ನೆಲ ನೋಡಿದಳು. "ನಿನ್ನವು ಗಾಡೀಲಿವೆ, ಅಪ್ಪ. ಇಪ್ಪತ್ತೂ ಇವೆ."

"ಮತ್ತೆ ಈಗ ಹೊಡೆದದ್ದು?"

"ಅಂಗಡೀದು."

"ಹೋದ ವರ್ಷದ ಎಲ್ಕ್ ನನ್ನ ತೋಟಾಕ್ಕೆ ಬಿತ್ತು ಅಂದ್ಯಲ್ಲ?"

"ಅದೂ ಅಂಗಡೀದೇ. ನಿನ್ನ ಕೈ ನಡುಗೋಕೆ ಶುರುವಾದಾಗಿಂದ... ಹೇಳೋಕೆ ಬಾಯಿ ಬರಲಿಲ್ಲ ಅಪ್ಪ."

ಅವನು ಬೈಯಲಿಲ್ಲ. "ಒಳ್ಳೇದಾಯ್ತು, ಒಳ್ಳೇದಾಯ್ತು," ಎಂದು ಎರಡು ಸಲ ಅಂದು ನನ್ನ ಕಡೆ ತಿರುಗಿದ.

"ಲೈಲ್, ನಿಂಗೂ ವರ್ಷ ವರ್ಷ ತುಂಬಿ ಕೊಡ್ತೀನಲ್ಲೋ. ನೀನು?"

ಚರ್ಮ ಸುಲಿಯಲು ಅನುಕೂಲವಾಗಲೆಂಬಂತೆ ನಾನು ಬಗ್ಗಿ ಎಲ್ಕಿನ ಕಾಲು ಹಿಡಿದುಕೊಂಡೆ.