ಸಿದ್ದರಾಜನಿಗೆ ನಾನು ಕುಡಿಸಿದ ನೀರು

ದೇವೀರವ್ವ, ನಿನ್ನ ಮಗ ಸಿದ್ದರಾಜ ಸತ್ತದ್ದು ನಾನು ಕುಡಿಸಿದ ನೀರಿನಿಂದ. ಎಂಟು ವರ್ಷ ಇದನ್ನು ನುಂಗಿಕೊಂಡು ಓಡಾಡಿದೆ. ನಿನಗೆ ಓದು ಬಾರದು — ಬಾಯಿಬಿಟ್ಟು ಹೇಳುವ ಮೊದಲು ಧೈರ್ಯ ಬರಲೆಂದು ಬರೆಯುತ್ತಿದ್ದೇನೆ.

ಎಪ್ಪತ್ತೊಂದರ ಯುದ್ಧ. ಪೂರ್ವದ ಗಡಿಯ ಡೇರೆ ಆಸ್ಪತ್ರೆಯಲ್ಲಿ ನಾನು ಸೇನೆಯ ನರ್ಸು. ಲಾರಿ ಬಂದು ನಿಂತರೆ ಹಲಗೆ ಸಂದಿನಿಂದ ರಕ್ತ ಸೋರುತ್ತಿತ್ತು. ದವಡೆಯೇ ಇಲ್ಲದ ಮುಖ, ಚರ್ಮಕ್ಕೆ ಜೋತುಬಿದ್ದ ಕಾಲು, ತಮ್ಮ ಕರುಳನ್ನು ತಾವೇ ಅದುಮಿ ಹಿಡಿದುಕೊಂಡವರು... ಕತ್ತರಿಸಿದ ಕೈಕಾಲಿನ ಬಕೆಟ್ಟು ಹೊತ್ತು ಸುರಿದು ಬಂದು, ಅದೇ ಕೈ ತೊಳೆದು ರೊಟ್ಟಿ ತಿಂದಿದ್ದೇನೆ. ನಮ್ಮೂರು ಕೆರಗೋಡಿನಲ್ಲಿ ಕೋಳಿ ಕುಯ್ದರೆ ಹಿತ್ತಲಿಗೆ ಓಡುತ್ತಿದ್ದವಳು!

ಆ ಸಂಜೆ ಸಾಲಿನ ಕೊನೆಯ ಸ್ಟ್ರೆಚರಿನಿಂದ, "ಅವ್ವಾ... ಉರೀತದೆ ಕಣವ್ವಾ" ಅಂತ ಕೇಳಿಸಿತು. ನಮ್ಮ ಮಾತು! ಓಡಿದೆ.

"ಯಾವೂರ್ಲಾ?"

"ಮಳವಳ್ಳಿ ತಾವ... ನೀರು ಕೊಡಕ್ಕಾ."

ಸಿಡಿಗುಂಡಿನ ಚೂರು ಹೊಟ್ಟೆ ಸೀಳಿತ್ತು. ಹೊಟ್ಟೆಗೆ ಪೆಟ್ಟಾದವನಿಗೆ ಹನಿ ನೀರೂ ಕೊಡಬಾರದು — ತರಬೇತಿಯ ಮೊದಲ ಪಾಠ. ಆದರೆ ಬಿಳಿಚಿದ ಮುಖ ನೋಡಿ, ಇವನು ಉಳಿಯುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಡಾಕ್ಟರನ್ನು ಕೇಳಲಿಲ್ಲ. ಸಾಯುವವರ ಬಾಯಿಗೆ ನೀರು ಬಿಡದೆ ಕಳಿಸುತ್ತೇವೆಯೇ ನಾವು? ನಮ್ಮ ಕಡೆ ಹುಡುಗ ಒಣಗಂಟಲಲ್ಲಿ ಹೋಗಬೇಕೇ? ತಲೆ ಎತ್ತಿ ಹಿಡಿದು ಲೋಟ ತುಂಬ ಕುಡಿಸಿದೆ. ಗಟಗಟ ಕುಡಿದ.

ಆಗಲೇ ಡಾಕ್ಟರು ಕೂಗಿದರು: "ಆ ಹೊಟ್ಟೆ ಗಾಯದವನನ್ನು ತನ್ನಿ, ಉಳಿಯುತ್ತಾನೆ!"

ಹೇಳಬೇಕಿತ್ತು. ನೀರು ಕುಡಿಸಿದ್ದೇನೆ, ತಡೆಯಿರಿ — ಇಷ್ಟೇ. ಬೈಗುಳಕ್ಕೆ ಹೆದರಿದೆನೋ, ಕೆಲಸ ಹೋಗುತ್ತದೆಂದೋ... ಸುಮ್ಮನೆ ಸ್ಟ್ರೆಚರಿನ ಹಿಂದೆ ನಡೆದೆ. ಮತ್ತಿನ ಔಷಧಿ ಕೊಡುತ್ತಿದ್ದಂತೆ ವಾಂತಿ ಉಕ್ಕಿ ಶ್ವಾಸಕೋಶಕ್ಕೆ ಇಳಿಯಿತು. ಮುಖ ನೀಲಿಗಟ್ಟಿತು. ಮೈ ಮೇಜಿನ ಮೇಲೆ ಎಗರಿ ಎಗರಿ ಬಿತ್ತು. ಅವನ ಭುಜ ಒತ್ತಿ ಹಿಡಿದಿದ್ದವಳು ನಾನೇ.

"ಇವನಿಗೆ ನೀರು ಕೊಟ್ಟದ್ದು ಯಾರು?" ಡಾಕ್ಟರು ಅರಚಿದರು. ನಾನು ಬಾಯಿ ಬಿಡಲಿಲ್ಲ.

ರಜೆಯಲ್ಲಿ, ಅವನ ದಾಖಲೆಯಲ್ಲಿದ್ದ ವಿಳಾಸ ಹಿಡಿದು ನಿನ್ನ ಮನೆ ಹುಡುಕಿಕೊಂಡು ಬಂದದ್ದು ಎಲ್ಲ ಹೇಳಲೆಂದೇ. "ನೀರು ಕೊಟ್ಟೆ" ಎಂಬುದಷ್ಟೇ ಹೊರಗೆ ಬಂತು. ನೀನು ನನ್ನ ಕಾಲು ಹಿಡಿದೆ. "ನನ್ ಮಗನ ಬಾಯಿಗೆ ನೀರು ಬುಟ್ಟವ್ಳು ನೀನು. ನಿನ್ನೊಟ್ಟೆ ತಣ್ಣಗಿರ್ಲಿ ಕಣವ್ವ" ಅಂದೆ. ಅಯ್ಯೋ! ಅಂದಿನಿಂದ ನನ್ನನ್ನು ಮಗಳ ಹಾಗೆ ಕರೆಸಿ ಮುದ್ದೆ ಇಕ್ಕಿದೆ. ನಾನೂ ಉಂಡೆ. ಥೂ, ನನ್ನ ಜನ್ಮಕ್ಕೆ. ಸೇನೆ ಬಿಟ್ಟು ಮಂಡ್ಯದಲ್ಲಿ ನರ್ಸಾಗಿದ್ದೇನೆ; ಇವತ್ತಿಗೂ ರೋಗಿಗೆ ನೀರು ಕೊಡುವ ಮೊದಲು ಡಾಕ್ಟರನ್ನು ಎರಡು ಸಲ ಕೇಳುತ್ತೇನೆ.

ಈಗ ನೀನು ಹಾಸಿಗೆ ಹಿಡಿದಿದ್ದೀಯೆ. "ಅವ್ಳೇ ಬಂದು ನಂಗೂ ನೀರು ಬುಡ್ಲಿ" ಅಂತ ಹೇಳಿಕಳಿಸಿದ್ದೀಯೆ. ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದೇನೆ. ಸಾಯುವ ಕಾಲಕ್ಕೆ ನಿನಗೆ ಈ ಪೆಟ್ಟು ಕೊಡಬೇಕೇ — ನೂರು ಸಲ ಕೇಳಿಕೊಂಡೆ. ಆದರೆ ನೀನು ಕಾಯುತ್ತಿರುವುದು ಯಾವ ಕೈಗೆ ಎಂದು ನಿನಗೆ ಗೊತ್ತಿರಬೇಕು.

ಬರುತ್ತೇನೆ, ಅವ್ವ. ಮೊದಲು ಹೇಳುತ್ತೇನೆ. ಆಮೇಲೆ ಲೋಟ ಹಿಡಿಯುತ್ತೇನೆ. ಬಾಯಿ ತೆರೆಯುವುದೋ, ಮುಖ ತಿರುಗಿಸುವುದೋ — ಅದು ನಿನ್ನದು.