ತನ್ನ ಶ್ರಾದ್ಧದ ಊಟ ಉಂಡ ಕೊಳಲಿನವನು

ಬದರಿಯ ಕಥೆಯ ಸಿನಿಮಾ ಬಂದೇ ಬಿಟ್ಟಿತು! ಕಾಶಿಯ ಸೋನಾರ್‌ಪುರದ ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್: ಎಲೆಯ ಮುಂದೆ ಕಣ್ಣು ಕಣ್ಣು ಬಿಡುತ್ತ ಕೂತ ಹೀರೋ, ಬಾಯಲ್ಲಿ ಅರ್ಧ ವಡೆ. ಮೊಮ್ಮಗಳು ಅಕ್ಷರಾ ಬೆಳಗಿನಿಂದ "ಅಜ್ಜಿ, ಜಲ್ದಿ ಕರೋ ನಾ!" ಎಂದು ಕುಣಿಯುತ್ತಿದ್ದಳು. ನನ್ನ ಸಂಭ್ರಮವೇನು ಕಡಿಮೆಯೇ? ಆ ವಡೆ ಕರಿದವಳೇ ನಾನು, ಹನುಮಾನ್ ಘಾಟಿನ ಪುರೋಹಿತರ ಮನೆಯ ಅಂಬುಜಾಕ್ಷಿ. ಸಿನಿಮಾದಲ್ಲಿ ನನ್ನ ಪಾತ್ರಕ್ಕೆ ಕಡ್ಡಿಯಂಥ ಹುಡುಗಿಯನ್ನು ಹಾಕಿದ್ದಾರೆ. ಸೌಟು ಹಿಡಿಯಲೂ ಬಾರದು ಅದಕ್ಕೆ. ಹಾಳಾಗಿ ಹೋಗಲಿ.

ಬದರಿ ಮಾತ್ರ ಫೋನ್ ಕೆಳಗಿಟ್ಟಿರಲಿಲ್ಲ.

"ಅಣ್ಣ ಬರ್ತಾನಾ ಅಂಬುಜಕ್ಕ? ಟಿಕೆಟ್ ಕಳಿಸಿದೀನಿ. ನೋಡಿದಾನೆ, ಉತ್ತರ ಇಲ್ಲ."

"ಬಂದ್ರೂ ಬಂದಾರು, ಬಂದು ಉಗಿದ್ರೂ ಉಗಿದಾರು. ಮೊದ್ಲು ಶರ್ಟಿನ ಗುಂಡಿ ನೆಟ್ಟಗೆ ಹಾಕ್ಕೋ."

ಈ ಬದರಿ ನಂಜನಗೂಡಿನವನು. ಹರೆಯದಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅಣ್ಣ ಅನಂತರಾಯರು "ಕೊಳಲು ಊದಿದ್ರೆ ಹೊಟ್ಟೆ ತುಂಬುತ್ತೇನೋ?" ಎಂದರಂತೆ. ಅರ್ಧ ಉಂಡ ಎಲೆ ಬಿಟ್ಟು ಎದ್ದವನು ನೇರ ಕಾಶಿಗೆ ಬಂದ. ಗಡ್ಡ ಬಿಟ್ಟ. ಅಸ್ಸಿ ಘಾಟಿನಲ್ಲಿ ವಿದೇಶದವರಿಗೆ ಕೊಳಲು ಕಲಿಸಿದ. ಘಾಟಿಗೆಲ್ಲ ಅವನು 'ಬಾಂಸುರಿ ಮಹಾರಾಜ್'. ನಿಜವಾದ ಹೆಸರು ನಮಗೂ ತಿಳಿದಿರಲಿಲ್ಲ. ಒಂದು ಮಳೆಗಾಲ ಇಲ್ಲಿ ದೋಣಿ ಮಗುಚಿದಾಗ, ಯಾತ್ರೆಗೆ ಬಂದಿದ್ದ ಅವನೂರಿನ ಮಹಾನುಭಾವರೊಬ್ಬರು ಸತ್ತವರಲ್ಲಿ ಇವನನ್ನೂ ಸೇರಿಸಿಕೊಂಡು ಊರಿಗೆ ಸುದ್ದಿ ಒಯ್ದರು. ಇವನೋ ಆ ದೋಣಿ ಹತ್ತಿರಲೇ ಇಲ್ಲ!

ಆಮೇಲೆ ಅನಂತರಾಯರು ಕಾಶಿಗೆ ಬಂದು, ನಮ್ಮ ಮನೆಯಲ್ಲೇ ಹಿರಿಯರ ಶ್ರಾದ್ಧಕ್ಕೆ ಏರ್ಪಾಡು ಮಾಡಿದರು. ತೀರಿಕೊಂಡವರ ಸ್ಥಾನದಲ್ಲಿ ಕೂತು ಉಣ್ಣಬೇಕಾದ ಬ್ರಾಹ್ಮಣರಲ್ಲಿ ಒಬ್ಬರಿಗೆ ಅಂದೇ ಜ್ವರ. ನಮ್ಮನೆಯವರು ಓಡಿಹೋಗಿ ಬಾಂಸುರಿ ಮಹಾರಾಜನನ್ನು ಎಳೆದು ತಂದರು. ಶ್ರಾದ್ಧ ಮಾಡುವವರ ಗೋತ್ರದವರನ್ನೇ ಹಾಗೆ ಕೂರಿಸುವಂತಿಲ್ಲ. ಅಷ್ಟು ವರ್ಷದ ಪುರೋಹಿತರು, ಆ ಗಡಿಬಿಡಿಯಲ್ಲಿ ಗೋತ್ರ ಕೇಳಲೇ ಇಲ್ಲ!

ಸಂಕಲ್ಪದಲ್ಲಿ ಅನಂತರಾಯರು ಸತ್ತವರ ಹೆಸರು ಹೇಳುತ್ತ ಹೋದರು. ಕೊನೆಗೆ "ನನ್ನ ತಮ್ಮ ಬದರಿ" ಎಂದರು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮಹಾರಾಜ ಯಜಮಾನರ ಮುಖ ನೋಡಿ, ಹಾವು ತುಳಿದವನ ಹಾಗೆ ಬೆಚ್ಚಿದ. ಏನು ಮಾಡಿಯಾನು? ಕೂತವರು ಮಾತಾಡುವಂತಿಲ್ಲ, ಏಳುವಂತಿಲ್ಲ. ಗಡ್ಡವನ್ನು ಎದೆಗೆ ಒತ್ತಿಕೊಂಡು ಕೂತ. ಅನಂತರಾಯರು ಅವನ ಕಾಲು ತೊಳೆದರು. ಎಷ್ಟು ಹೊತ್ತು ತೊಳೆದರೆಂದರೆ ಚೊಂಬಿನ ನೀರೇ ಮುಗಿಯಿತು. ಊಟದಲ್ಲೂ ಪಕ್ಕದಲ್ಲೇ ನಿಂತು "ಇವರಿಗೆ ಇನ್ನೊಂದು ವಡೆ ಹಾಕಮ್ಮ, ಇನ್ನಷ್ಟು ಪಾಯಸ" ಎನ್ನುತ್ತಲೇ ಇದ್ದರು. ಭಕ್ತಿ ಅಂದರೆ ಇದು ಅಂದುಕೊಂಡೆ. ಉಂಡು ಕೈ ತೊಳೆದದ್ದೇ ತಡ, ಮಹಾರಾಜ ಪಂಚೆ ಎತ್ತಿಕೊಂಡು ಗಲ್ಲಿಯಲ್ಲಿ ಕಾಲಿಗೆ ಬುದ್ಧಿ ಹೇಳಿದ. ಆಮೇಲೆ ಪಿಂಡ ಇಡುವಾಗ ತಟ್ಟೆಯಲ್ಲಿ ಒಂದು ಉಂಡೆ ಉಳಿದೇ ಹೋಯಿತು. ಯಜಮಾನರು ಮರೆತರೆಂದು ನಮ್ಮನೆಯವರು ಗೊಣಗಿದರು.

ಸಂಜೆ ಬದರಿ ಬಂದು ನಗುತ್ತ ಅಳುತ್ತ ಎಲ್ಲ ಹೇಳಿದ. ಅಷ್ಟರಲ್ಲಿ ಅನಂತರಾಯರು ರೈಲು ಹತ್ತಿದ್ದರು. ಬೈದು ಬೈದು ಇವನಿಂದ ಊರಿಗೆ ಫೋನ್ ಮಾಡಿಸಿದೆ. "ನನಗೆ ತಮ್ಮ ಇಲ್ಲ" ಎಂದು ಇಟ್ಟುಬಿಟ್ಟರು. ಅಂದಿನಿಂದ ಮಾತಿಲ್ಲ. ಅಣ್ಣನನ್ನು ಮೂರ್ಖನನ್ನಾಗಿ ಮಾಡಿದೆನೆಂದು ಇವನಿಗೆ ಕೊರಗು. ಹಾಗಿದ್ದೂ ಅಸ್ಸಿಯಲ್ಲಿ ಚಾಯ್ ಕುಡಿಯುತ್ತ ಈ ಸಿನಿಮಾ ಮಾಡಿದ ಹುಡುಗಿ ವಚನಾಗೆ ಕಥೆಯನ್ನೆಲ್ಲ ಒದರಿದ್ದಾನೆ, ಬಾಯಿಗೆ ಬೀಗವಿಲ್ಲದವನು!

ಚಿತ್ರಮಂದಿರ ತುಂಬಿತ್ತು. ಹೀರೋ ಬೆಚ್ಚಿದ್ದಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನಂತೂ ಅಕ್ಷರಾಳ ಪಾಪ್‌ಕಾರ್ನ್ ಚೆಲ್ಲಿದೆ. ಕಾಲು ತೊಳೆಯುವ ಅಣ್ಣ ಏನೂ ಅರಿಯದೆ, ಜಾರಿ ಚೊಂಬು ಬೀಳಿಸಿದ. ಜನ ಹೋ ಎಂದರು.

"ಸುಳ್ಳು! ಶುದ್ಧ ಸುಳ್ಳು!" ಹಿಂದಿನ ಸಾಲಿನಿಂದ ಕನ್ನಡದ ಕೂಗು.

"ಚುಪ್ ರಹೋ, ಚಾಚಾ!" ಎಂದರು ಪಕ್ಕದವರು. ಬದರಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬಳೆ ಒಡೆಯಿತು. ಇಂಟರ್‌ವಲ್ ದೀಪ ಹತ್ತಿತು. ಅನಂತರಾಯರೇ!

"ನಾನೆಲ್ಲೋ ಚೊಂಬು ಬೀಳಿಸ್ದೆ?" ಎನ್ನುತ್ತ ನಮ್ಮ ಸಾಲಿಗೇ ಬಂದರು. "ಕಾಲು ತೊಳೆಯುವಾಗ್ಲೇ ಗೊತ್ತಾಯ್ತು, ಆ ಅಂಟ್ಕೊಂಡಿರೋ ಬೆರಳು. ಚಿಕ್ಕಂದಿನಿಂದ ನಾನು ತೊಳೆದ ಕಾಲು ಕಣೋ ಅದು!"

"ಮತ್ತೆ ಯಾಕಣ್ಣ ಮಾತಾಡ್ಲಿಲ್ಲ?" ಎಂದ ಬದರಿ.

"ಮಾತಾಡಿದ್ರೆ ನೀನು ಎಲೆ ಬಿಟ್ಟು ಏಳ್ತಿದ್ದೆ. ಈ ಸಲವಾದ್ರೂ ಹೊಟ್ಟೆ ತುಂಬ ಉಣ್ಣು ಅಂತ ಬಾಯಿ ಮುಚ್ಕೊಂಡಿದ್ದೆ. ನೀನು ಉಂಡೆ. ಕೈ ತೊಳ್ಕೊಂಡು ಮತ್ತೆ ಓಡಿದೆ!"

"ಹಾಗಾದ್ರೆ ಆ ಉಳಿದ ಪಿಂಡ..." ಎಂದೆ ನಾನು.

"ಬದುಕಿರೋನಿಗೆ ಪಿಂಡ ಇಡೋಕಾಗುತ್ತಾಮ್ಮ?"

ಅಯ್ಯೋ ದೇವರೇ, ನಾನು ಅಲ್ಲೇ ಗೊಳೋ ಎಂದು ಅತ್ತೆ. ಸಿನಿಮಾದ ಉಳಿದರ್ಧ ನಮಗೆ ಯಾರಿಗೂ ಸರಿಯಾಗಿ ಕಾಣಲಿಲ್ಲ.

ಸಿನಿಮಾ ಮುಗಿದ ಮೇಲೆ ನಮ್ಮ ಮನೆಯಲ್ಲೇ ಊಟ. ಅಣ್ಣ ತಮ್ಮ ಅಕ್ಕಪಕ್ಕ ಕೂತರು. ಬದರಿ ಬೇಗ ಮುಗಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದ. ಅನಂತರಾಯರು ಮಜ್ಜಿಗೆ ಅನ್ನ ಕಲಸಿದ್ದವರು ಎಲೆಯನ್ನು ಅರ್ಧಕ್ಕೇ ಬಿಟ್ಟು, ಎಂಜಲು ಕೈಯಲ್ಲೇ ಹೋಗಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು.

"ಇದೇನು ರಾಯರೇ, ಎಲೆ ಬಿಟ್ಟು?" ಎಂದೆ.

"ಇವನನ್ನ ನಂಬೋಕಾಗಲ್ಲಮ್ಮ," ಎಂದರು.